ರಕ್ಷಕ-ಶಿಕ್ಷಕ ಸಂಘದ ಕೆಲಸಕ್ಕೆ ಇಳಿಯುವ ಹೆತ್ತವರಿಗೆ: ಗಡಿನಾಡು ಕಾಸರಗೋಡಿನ ಕನ್ನಡ ಶಾಲೆಯೊಂದರ ಅನುಭವದಿಂದ

ಶಾಲೆ ತೆರೆದು ಐದನೆಯ ದಿನ. ಹೊರಗೆ ಎಡೆಬಿಡದೆ ಸುರಿಯುವ ಜೂನ್ ಮಳೆ. ಒಂದನೇ ತರಗತಿಯ ಟೀಚರ್ ಹಾಜರಿ ಪುಸ್ತಕ ತೆರೆದು ಒಂದು ಹೆಸರಿನ ಮೇಲೆ ಬೆರಳಿಟ್ಟು ನನ್ನತ್ತ ನೋಡಿದರು. "ಈ ಮಗುವಿನ ಆಧಾರ್ ನಂಬರ್ ಇನ್ನೂ ಸಿಕ್ಕಿಲ್ಲ. ಕಾರ್ಡು ಪುತ್ತೂರಿನ ಅಜ್ಜಿಮನೆಯಲ್ಲಿ ಇದೆಯಂತೆ. ನಾಳೆ ಆರನೇ ದಿನ. ನಂಬರ್ ಇಲ್ಲದಿದ್ದರೆ ಮಗು ಲೆಕ್ಕಕ್ಕೆ ಸೇರುವುದಿಲ್ಲ" ಎಂದರು.

ಆ ಮಗುವಿನ ಮನೆ ನನಗೆ ಗೊತ್ತಿತ್ತು. ಕೊಡೆ ಹಿಡಿದು, ಅಡಿಕೆ ತೋಟದ ನಡುವಿನ ಕಟ್ಟಪುಣಿಯಲ್ಲಿ ನಡೆದು ಹೋದೆ. ತಾಯಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಅವರ ಮೊಬೈಲಿನಲ್ಲಿ ಫೋಟೋ ಬರುತ್ತಿರಲಿಲ್ಲ. ನನ್ನ ಮೊಬೈಲಿನಿಂದಲೇ ಅವರ ತವರಿಗೆ ಫೋನ್ ಮಾಡಿಸಿದೆ. ಅಲ್ಲಿ ಅವರ ತಮ್ಮ ಕಪಾಟು ಹುಡುಕಿ, ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಕಳುಹಿಸುವಾಗ ಸಂಜೆಯಾಗಿತ್ತು. ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಆ ನಂಬರ್ ಶಾಲೆಯ ಕಂಪ್ಯೂಟರಿನಲ್ಲಿತ್ತು, ಮಗು ಬೆಂಚಿನಲ್ಲಿತ್ತು.

ರಕ್ಷಕ-ಶಿಕ್ಷಕ ಸಂಘದ ಕೆಲಸವೆಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಒಂದು ಸಂಜೆಯ ಕಥೆಯನ್ನು. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಸಂಖ್ಯೆಯನ್ನು ನೋಡಿ ಆ ವರ್ಷ ಎಷ್ಟು ಡಿವಿಜನ್ (ತರಗತಿಯ ವಿಭಾಗ), ಎಷ್ಟು ಅಧ್ಯಾಪಕ ಹುದ್ದೆ ಎಂದು ನಿಗದಿ ಮಾಡುತ್ತಾರೆ. ಏಳನೇ ದಿನ ಬಂದ ಮಗುವಿಗೆ ಪಾಠ ಸಿಗುತ್ತದೆ, ಆದರೆ ಹುದ್ದೆಯ ಲೆಕ್ಕಕ್ಕೆ ಆ ಮಗು ಸೇರುವುದಿಲ್ಲ. ನಮ್ಮಂಥ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಯಾವಾಗಲೂ ಅಂಚಿನಲ್ಲೇ ಇರುತ್ತದೆ. ಒಂದು ಮಗು ಕಡಿಮೆಯಾದರೆ ಒಬ್ಬ ಕನ್ನಡ ಅಧ್ಯಾಪಕರು ಹೋದರು ಎಂಬ ಪರಿಸ್ಥಿತಿ ಬಂದದ್ದುಂಟು. ಕನ್ನಡ ಉಳಿಯಬೇಕೆಂಬ ಭಾಷಣಗಳನ್ನು ಬಹಳ ಕೇಳಿದ್ದೇನೆ. ನಮ್ಮ ಕನ್ನಡ ತರಗತಿಗಳನ್ನು ಉಳಿಸಿಕೊಂಡು ಬಂದಿರುವುದು ಹೆತ್ತವರು ಹೊತ್ತಿಗೆ ಸರಿಯಾಗಿ ಮಾಡಿದ ಇಂಥ ಸಣ್ಣ ಸಣ್ಣ ಕೆಲಸಗಳು ಎಂಬುದು ಆರು ವರ್ಷ ಈ ಸಂಘದಲ್ಲಿದ್ದ ನನ್ನ ಗಟ್ಟಿ ನಂಬಿಕೆ.

ನಿಮ್ಮ ಮಗು ಕಾಸರಗೋಡು ಜಿಲ್ಲೆಯ ಯಾವುದೇ ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿದ್ದರೆ, ಕೈಜೋಡಿಸಬೇಕೆಂಬ ಮನಸ್ಸಿದ್ದು ಎಲ್ಲಿಂದ ಆರಂಭಿಸುವುದೆಂದು ತಿಳಿಯದಿದ್ದರೆ, ಮುಂದಿನದು ನಿಮಗಾಗಿ.

ಯಾವ ಸಮಿತಿ ಏನು ಮಾಡುತ್ತದೆ

ಮಗುವನ್ನು ಶಾಲೆಗೆ ಸೇರಿಸಿದಾಗಲೇ ನೀವು ರಕ್ಷಕ-ಶಿಕ್ಷಕ ಸಂಘದ ಸದಸ್ಯರಾಗಿದ್ದೀರಿ. ಎಲ್ಲರೂ ಪಿ.ಟಿ.ಎ. ಎಂದು ಕರೆಯುವುದು ಇದನ್ನೇ. ಸದಸ್ಯತ್ವಕ್ಕಾಗಿ ಯಾರನ್ನೂ ಕೇಳಿಕೊಳ್ಳಬೇಕಾಗಿಲ್ಲ. ವರ್ಷದ ಆರಂಭದ ಮಹಾಸಭೆಯಲ್ಲಿ ಸದಸ್ಯರೊಳಗಿಂದ ಕಾರ್ಯಕಾರಿ ಸಮಿತಿಯನ್ನು ಆರಿಸುತ್ತಾರೆ. ಅಧ್ಯಕ್ಷರು ಹೆತ್ತವರಲ್ಲಿ ಒಬ್ಬರು. ಶಾಲೆಯ ಕಡೆಯಿಂದ ಮುಖ್ಯೋಪಾಧ್ಯಾಯರು ಮತ್ತು ಅಧ್ಯಾಪಕರ ಪ್ರತಿನಿಧಿಗಳು ಇರುತ್ತಾರೆ. ಇದರ ಜೊತೆಗೆ ತಾಯಂದಿರದೇ ಆದ ಮಾತೃ ಸಮಿತಿ ಇದೆ. ಊಟ, ಶುಚಿತ್ವ, ಹೆಣ್ಣುಮಕ್ಕಳ ಅಗತ್ಯಗಳ ವಿಷಯದಲ್ಲಿ ಕೆಲಸ ನಡೆಯುವುದು ಹೆಚ್ಚಾಗಿ ಅಲ್ಲಿ.

ಮೂರನೆಯದು ಶಾಲಾ ಮೇಲುಸ್ತುವಾರಿ ಸಮಿತಿ, ಎಸ್.ಎಂ.ಸಿ. ಇದು 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೇ ಸೆಕ್ಷನ್ ಪ್ರಕಾರ ಬಂದದ್ದು. ಸದಸ್ಯರಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯಿದೆಯೇ ಹೇಳುತ್ತದೆ. ಶಾಲೆಯ ಕೆಲಸಕಾರ್ಯಗಳ ಮೇಲೆ ಕಣ್ಣಿಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಸರಿಯಾಗಿ ಖರ್ಚಾಗಿದೆಯೇ ಎಂದು ನೋಡುವುದು ಅದರ ಹೊಣೆ. ಅನುದಾನಿತ ಶಾಲೆಗಳಲ್ಲಿ 2012ರ ತಿದ್ದುಪಡಿಯ ಬಳಿಕ ಈ ಸಮಿತಿಗೆ ಸಲಹೆ ಕೊಡುವ ಅಧಿಕಾರ ಮಾತ್ರ ಉಳಿದಿದೆ. ನಿಮ್ಮ ಶಾಲೆ ಸರಕಾರಿಯೋ ಅನುದಾನಿತವೋ ಎಂಬುದನ್ನು ತಿಳಿದುಕೊಂಡೇ ಮುಂದುವರಿಯಿರಿ. ಯಾವ ಬಾಗಿಲು ತಟ್ಟಬೇಕೆಂಬುದು ಅದರ ಮೇಲೆ ನಿಂತಿದೆ.

ಹೊಸಬರಿಗೆ ನನ್ನ ಸಲಹೆಯೆಂದರೆ ಮೊದಲ ವರ್ಷವೇ ಕಾರ್ಯಕಾರಿ ಸಮಿತಿಗೆ ನುಗ್ಗಬೇಡಿ. ಕ್ಲಾಸ್ ಪಿ.ಟಿ.ಎ.ಯಿಂದ ಆರಂಭಿಸಿ.

ಕ್ಲಾಸ್ ಪಿ.ಟಿ.ಎ.ಯಲ್ಲಿ ಕುಳಿತು ನೋಡುವುದು

ಓಣಂ ಪರೀಕ್ಷೆ, ಅಂದರೆ ವರ್ಷದ ಮೊದಲ ಪರೀಕ್ಷೆ, ಮುಗಿದು ಉತ್ತರ ಪತ್ರಿಕೆ ಕೊಡುವಾಗ ಪ್ರತಿಯೊಂದು ತರಗತಿಯ ಹೆತ್ತವರನ್ನೂ ಕರೆಯುತ್ತಾರೆ. ಅದೇ ಕ್ಲಾಸ್ ಪಿ.ಟಿ.ಎ. ಹೆಚ್ಚಿನವರು ಬಂದು, ಅಂಕ ನೋಡಿ, ಸಹಿ ಹಾಕಿ, ಬಸ್ಸಿನ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ನೀವು ಅರ್ಧ ಗಂಟೆ ಉಳಿಯಿರಿ. ಟೀಚರರ ಬಳಿ ಒಂದೇ ಪ್ರಶ್ನೆ ಕೇಳಿ: "ಈ ತರಗತಿಯಲ್ಲಿ ನಿಮಗೆ ಈಗ ಯಾವ ಕೆಲಸಕ್ಕೆ ಜನ ಬೇಕು?"

ಉತ್ತರಗಳು ಆಶ್ಚರ್ಯ ಹುಟ್ಟಿಸುವಷ್ಟು ಸಣ್ಣವು. ಓದುವ ಮೂಲೆಯ ಪುಸ್ತಕಗಳಿಗೆ ಹೊದಿಕೆ ಹಾಕಬೇಕು. ಮೂರು ಮಕ್ಕಳು ಸೋಮವಾರ ಬರುವುದೇ ಇಲ್ಲ, ಅವರ ಮನೆಯವರ ಜೊತೆ ಯಾರಾದರೂ ಮಾತನಾಡಬೇಕು. ತರಕಾರಿ ತೋಟಕ್ಕೆ ಬೇಲಿ ಕಟ್ಟಬೇಕು. ಇವುಗಳಲ್ಲಿ ಒಂದನ್ನು ಮಾತ್ರ ಹಿಡಿಯಿರಿ, ಮುಗಿಸಿ ತೋರಿಸಿ. ಹತ್ತು ಕೆಲಸ ಒಪ್ಪಿಕೊಂಡು ಒಂದನ್ನೂ ಮುಗಿಸದವರನ್ನು ಶಾಲೆಯವರು ಬಹಳ ಕಂಡಿದ್ದಾರೆ. ಹೇಳಿದ ದಿನ ಹೇಳಿದ ಹೊತ್ತಿಗೆ ಬಂದವರನ್ನು ಅವರು ಮುಂದಿನ ವರ್ಷ ತಾವಾಗಿಯೇ ಸಮಿತಿಗೆ ಕರೆಯುತ್ತಾರೆ.

ನಿಮ್ಮ ಕೈಯಲ್ಲಿರುವ ವಿದ್ಯೆಯನ್ನು ಟೀಚರರಿಗೆ ಹೇಳಿಡಿ. ಹೊಲಿಗೆ, ವಯರಿಂಗ್, ಮರಗೆಲಸ, ಟೈಪಿಂಗ್, ಚೆಂಡೆ ಬಾರಿಸುವುದು, ಲೆಕ್ಕ ಬರೆಯುವುದು, ಯಾವುದೂ ಆಗಬಹುದು. ನಮ್ಮ ಶಾಲೆಯ ಎರಡು ಫ್ಯಾನುಗಳು ಒಂದು ಇಡೀ ಬೇಸಗೆ ತಿರುಗದೆ ನಿಂತಿದ್ದವು. ವಯರಿಂಗ್ ಬಲ್ಲ ತಂದೆಯೊಬ್ಬರು ದಿನವೂ ಅದೇ ತರಗತಿಯ ಮುಂದೆ ಮಗುವನ್ನು ಬಿಟ್ಟು ಹೋಗುತ್ತಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

"ನನಗೆ ಮಲಯಾಳಂ ಬರುವುದಿಲ್ಲ ಅಕ್ಕಾ"

ಕನ್ನಡ ಹೆತ್ತವರನ್ನು ಶಾಲೆಯ ಗೇಟಿನ ಹೊರಗೆ ನಿಲ್ಲಿಸುವ ದೊಡ್ಡ ಕಾರಣ ಇದು. ನೆರೆಮನೆಯ ತಂಗಿಯೊಬ್ಬಳನ್ನು ಸಭೆಗೆ ಕರೆದಾಗ ಅವಳು ಹೇಳಿದ್ದು ಇದನ್ನೇ. "ನನಗೆ ಮಲಯಾಳಂ ಬರುವುದಿಲ್ಲ ಅಕ್ಕಾ. ಅಲ್ಲಿ ಎಲ್ಲರೂ ಅದರಲ್ಲೇ ಮಾತನಾಡುತ್ತಾರೆ. ನಾನು ಹೋಗಿ ಗೋಡೆ ನೋಡಿ ಬರಬೇಕಷ್ಟೆ." ಅವಳು ಮದುವೆಯಾಗಿ ಬಂದದ್ದು ಸುಳ್ಯದ ಕಡೆಯಿಂದ. ಮನೆಯಲ್ಲಿ ತುಳು, ಮಗುವಿನ ಪಾಠ ಕನ್ನಡ, ಬಸ್ಸಿನ ಬೋರ್ಡು ಮಲಯಾಳಂ. ಅವಳ ಅಳುಕು ನಿಜವಾದದ್ದು.

ಇದಕ್ಕೆ ನಾವು ಕಂಡುಕೊಂಡ ದಾರಿ ಎರಡು. ಒಂದೇ ಶಾಲೆಯಲ್ಲಿ ಕನ್ನಡ ಮತ್ತು ಮಲಯಾಳಂ ಎರಡೂ ಮಾಧ್ಯಮಗಳಿದ್ದರೆ ಸಭೆಗೆ ಎರಡು ದಿನ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು, ಮುಖ್ಯ ನಿರ್ಧಾರಗಳನ್ನು ಕನ್ನಡದಲ್ಲೂ ಹೇಳಬೇಕೆಂದು ಕೇಳಿಕೊಳ್ಳಿ. ಸಭೆಯ ನಡುವೆ ಎದ್ದು ಕೂಗುವುದರಿಂದ ಮನಸ್ಸು ಕೆಡುತ್ತದೆ, ಭಾಷೆಗೂ ಒಳಿತಾಗುವುದಿಲ್ಲ. ಮಲಯಾಳಂ ಮಾಧ್ಯಮದ ತಾಯಂದಿರು ನಮ್ಮ ನೆರೆಹೊರೆಯವರೇ, ಮಹಿಳೆಯರ ಸ್ವಸಹಾಯ ಗುಂಪಾದ ಕುಡುಂಬಶ್ರೀಯ ಸಭೆಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳುವವರೇ. ಮೊದಲೇ ಹೇಳಿದರೆ ಅವರೇ ನಮ್ಮ ಪರವಾಗಿ ಮಾತನಾಡುತ್ತಾರೆ.

ಎರಡನೆಯ ದಾರಿ ಸುತ್ತೋಲೆಗಳದು. ಇಲಾಖೆಯಿಂದ ಬರುವ ಹೆಚ್ಚಿನ ಸುತ್ತೋಲೆಗಳು ಮಲಯಾಳಂನಲ್ಲಿರುತ್ತವೆ. ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ಪರೀಕ್ಷೆಯ ವೇಳಾಪಟ್ಟಿ, ಲಸಿಕೆಯ ದಿನ, ಎಲ್ಲವೂ. ಎರಡೂ ಭಾಷೆ ಬಲ್ಲವರಿದ್ದರೆ ಇದಕ್ಕಿಂತ ದೊಡ್ಡ ಸ್ವಯಂಸೇವೆ ಬೇರೊಂದಿಲ್ಲ. ಸುತ್ತೋಲೆ ಬಂದ ದಿನವೇ ಅದರಲ್ಲಿ ಯಾರಿಗೆ, ಏನು, ಯಾವಾಗ, ಯಾವ ದಾಖಲೆಗಳೊಂದಿಗೆ ಎಂಬ ನಾಲ್ಕು ವಿಷಯಗಳನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿ. ಇಡೀ ಸುತ್ತೋಲೆಯನ್ನು ಅನುವಾದಿಸಲು ಹೊರಟರೆ ಮೂರನೇ ವಾರಕ್ಕೆ ಕೈಬಿಡುತ್ತೀರಿ. ಓದಲು ಕಷ್ಟವಾಗುವ ಅಜ್ಜಿ ತಾತಂದಿರು ಮಕ್ಕಳನ್ನು ನೋಡಿಕೊಳ್ಳುವ ಮನೆಗಳಿಗೆ ಅದನ್ನೇ ಧ್ವನಿ ಸಂದೇಶವಾಗಿ ಕಳುಹಿಸಿ. ನನ್ನ ನೆರೆಮನೆಯ ತಂಗಿಗೆ ಮೊದಲು ಕೊಟ್ಟ ಕೆಲಸವೂ ಇದೇ ಧ್ವನಿ ಸಂದೇಶದ್ದು. ತುಳುವಿನಲ್ಲಿ ಅವಳಷ್ಟು ಚೆನ್ನಾಗಿ ಹೇಳುವವರು ನಮ್ಮ ಗುಂಪಿನಲ್ಲಿ ಇನ್ನೊಬ್ಬರಿಲ್ಲ.

ಮನವಿಯನ್ನು ಕನ್ನಡದಲ್ಲೇ ಬರೆಯಿರಿ

ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತಿಲ್ಲ, ಗೊತ್ತಿರುವವರಲ್ಲೂ ಅನೇಕರು ಬಳಸುವುದಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಬೇಕಾದ ಸೌಲಭ್ಯವನ್ನು ರಾಜ್ಯ ಒದಗಿಸಬೇಕು ಎನ್ನುತ್ತದೆ ಅದು. ಬಳಿಕ 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದ ಸಚಿವಾಲಯದೊಂದಿಗೆ, ಇಲಾಖಾ ಮುಖ್ಯಸ್ಥರೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಗಳ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಕೊಡಬೇಕು ಎಂದು ಅದರಲ್ಲಿದೆ.

ಆದ್ದರಿಂದ ಉಪಜಿಲ್ಲಾ ಶಿಕ್ಷಣಾಧಿಕಾರಿಗೆ, ಅಂದರೆ ಎ.ಇ.ಒ.ಗೆ, ಸಂಘದ ಮನವಿಯನ್ನು ಕನ್ನಡದಲ್ಲಿ ಕೊಡಲು ಹಿಂಜರಿಯಬೇಡಿ. ನಮ್ಮ ಭಾಗದಲ್ಲಿ ಮಂಜೇಶ್ವರ, ಕುಂಬಳೆ, ಕಾಸರಗೋಡು ಎಂದು ಮೂರು ಉಪಜಿಲ್ಲೆಗಳಿವೆ. ನಿಮ್ಮದು ಯಾವುದೆಂದು ಶಾಲೆಯ ಕಚೇರಿಯಲ್ಲಿ ಹೇಳುತ್ತಾರೆ. ಪ್ರೌಢಶಾಲೆಯ ವಿಷಯವಾದರೆ ಜಿಲ್ಲಾ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಬೇಕು.

ಒಂದು ವರ್ಷ ನಮ್ಮ ಮಕ್ಕಳಿಗೆ ಕನ್ನಡ ಪಠ್ಯಪುಸ್ತಕದ ಒಂದು ಭಾಗ ಓಣಂ ಪರೀಕ್ಷೆ ಹತ್ತಿರ ಬಂದರೂ ಸಿಕ್ಕಿರಲಿಲ್ಲ. ಸಭೆಯಲ್ಲಿ ಎಲ್ಲರೂ ಸಿಟ್ಟಾಗಿದ್ದರು. ಟೀಚರ್ ಹಳೆಯ ಪುಸ್ತಕದ ಪುಟಗಳನ್ನು ಬೋರ್ಡಿನಲ್ಲಿ ಬರೆದು ಬರೆದು ದಣಿದಿದ್ದರು. ಆಗ ನಾವು ಬರೆದ ಮನವಿಯ ಮಾದರಿ ಇದು:

"ವಿಷಯ: ನಾಲ್ಕನೇ ತರಗತಿಯ ಕನ್ನಡ ಮಾಧ್ಯಮದ ಪಠ್ಯಪುಸ್ತಕ ಲಭಿಸದಿರುವ ಬಗ್ಗೆ.
ಮಾನ್ಯರೇ, ನಮ್ಮ ಶಾಲೆಯ ನಾಲ್ಕನೇ ತರಗತಿಯ 23 ಮಕ್ಕಳಿಗೆ ಪರಿಸರ ಅಧ್ಯಯನ ಪುಸ್ತಕದ ಒಂದನೇ ಭಾಗ ಈ ದಿನದವರೆಗೆ ಲಭಿಸಿಲ್ಲ. ಶಾಲೆಯಿಂದ ಬೇಡಿಕೆ ಸಲ್ಲಿಸಿದ ದಿನಾಂಕದ ಪ್ರತಿಯನ್ನು ಲಗತ್ತಿಸಿದ್ದೇವೆ. ಮೊದಲ ಪರೀಕ್ಷೆಗೆ ಇನ್ನು ಮೂರು ವಾರಗಳಿವೆ. ಪುಸ್ತಕಗಳು ಯಾವ ದಿನಾಂಕದೊಳಗೆ ತಲುಪುತ್ತವೆ ಎಂಬುದನ್ನು ಬರಹದ ಮೂಲಕ ತಿಳಿಸಬೇಕೆಂದು ವಿನಂತಿ."

ಇದರಲ್ಲಿ ಬೈಗುಳವಿಲ್ಲ, ಕನ್ನಡದ ಹಿರಿಮೆಯ ಮಾತೂ ಇಲ್ಲ. ಎಷ್ಟು ಮಕ್ಕಳು, ಯಾವ ಪುಸ್ತಕ, ಯಾವ ದಿನಾಂಕ ಎಂಬುದಷ್ಟೇ ಇದೆ. ಕೇಳಿದ್ದು ಒಂದೇ ವಿಷಯ. ಮನವಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಕಚೇರಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಪ್ರತಿಗೆ ಬೆಲೆಯಿಲ್ಲ. ಹದಿನೈದು ದಿನ ಕಾದು ಅದನ್ನೇ ಹಿಡಿದು ಮತ್ತೆ ಹೋಗಿ. ಆಮೇಲೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳೊಳಗೆ ಉತ್ತರ. ನಿಮ್ಮ ಮನವಿ ಯಾವ ಮೇಜಿನಲ್ಲಿದೆ, ಅದರ ಮೇಲೆ ಏನು ಕ್ರಮವಾಗಿದೆ ಎಂದು ಕೇಳಿದರೆ ಸಾಕು.

ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗಲೂ ದಾರಿ ಇದೇ. ಈ ನೋವು ಗಡಿನಾಡಿಗೆ ಹೊಸದಲ್ಲ. ಇದಕ್ಕಾಗಿ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆ ಅಧ್ಯಾಪಕರ ಮೇಲೆ ಹರಿಹಾಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕೆಲಸ ಸಿಕ್ಕಿತೆಂದು ದೂರದ ಊರಿನಿಂದ ಬಂದವರು ಅವರು. ತಪ್ಪು ನೇಮಕಾತಿಯದು. ಮಕ್ಕಳಿಗೆ ಪಾಠ ಅರ್ಥವಾಗುತ್ತಿಲ್ಲವೆಂಬುದನ್ನು ದಿನಾಂಕ ಸಹಿತ ಬರೆದು, ಕ್ಲಾಸ್ ಪಿ.ಟಿ.ಎ.ಯಲ್ಲಿ ನಿರ್ಣಯ ಮಾಡಿ, ಎಲ್ಲ ಹೆತ್ತವರ ಸಹಿಯೊಂದಿಗೆ ಮೇಲಿನ ಕಚೇರಿಗೆ ಕೊಡಿ. ಆ ಕಾಗದ ಮುಂದೆ ಎಲ್ಲಿಗೆ ಹೋದರೂ ನಿಲ್ಲುತ್ತದೆ.

ಹಣದ ವಿಷಯ

ನನ್ನ ಮೊದಲ ವರ್ಷದ ತಪ್ಪೊಂದನ್ನು ಹೇಳಬೇಕು. ವಾರ್ಷಿಕೋತ್ಸವದ ಊಟಕ್ಕೆಂದು ಮನೆಮನೆಗೆ ಹೋಗಿ ಹಣ ಸಂಗ್ರಹಿಸಿದ್ದೆ. ನೂರು, ಇನ್ನೂರು, ಕೆಲವರು ತೆಂಗಿನಕಾಯಿ, ಒಬ್ಬರು ಅರ್ಧ ಮೂಟೆ ಅಕ್ಕಿ. ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೊಂಡೆ. ಊಟ ಚೆನ್ನಾಗಿ ಆಯಿತು. ಎರಡು ವಾರದ ಬಳಿಕ ಬಸ್ ಸ್ಟಾಂಡಿನಲ್ಲಿ ಒಬ್ಬರು ಇನ್ನೊಬ್ಬರ ಬಳಿ, "ಉಳಿದ ಹಣ ಎಲ್ಲಿಗೆ ಹೋಯಿತೋ" ಎನ್ನುವುದು ಕಿವಿಗೆ ಬಿತ್ತು. ಉಳಿದದ್ದು ಏನೂ ಇರಲಿಲ್ಲ, ಕಡಿಮೆ ಬಿದ್ದದ್ದನ್ನು ನಾನೇ ಹಾಕಿದ್ದೆ. ಆದರೆ ತೋರಿಸಲು ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಪಾಲಿಸುತ್ತಿರುವ ನಿಯಮಗಳಿವು. ನಂಬರ್ ಇರುವ ರಶೀದಿ ಪುಸ್ತಕವಿಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ತೆಂಗಿನಕಾಯಿ ಕೊಟ್ಟರೂ ರಶೀದಿಯಲ್ಲಿ ತೆಂಗಿನಕಾಯಿ ಎಂದೇ ಬರೆಯಿರಿ. ಸಂಗ್ರಹಕ್ಕೆ ಒಬ್ಬರೇ ಹೋಗಬೇಡಿ. ಹಣವನ್ನು ಮನೆಗೆ ಒಯ್ಯದೆ ಸಂಘದ ಬ್ಯಾಂಕ್ ಖಾತೆಗೆ ಹಾಕಿ. ಯಾರದ್ದೇ ಸ್ವಂತ ಗೂಗಲ್ ಪೇ ನಂಬರಿಗೆ ಹಾಕಿಸಿಕೊಳ್ಳಬೇಡಿ, ಅಧ್ಯಕ್ಷರದ್ದಾದರೂ ಸರಿ. ಖರ್ಚಾದ ವಾರದೊಳಗೆ ಬರವು-ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ.

ಇನ್ನೊಂದು ಮಾತು. ಶಾಲೆಗೆ ಸೇರಿಸಿಕೊಳ್ಳಲು ವಂತಿಗೆ ಕೇಳುವುದು ಶಿಕ್ಷಣ ಹಕ್ಕು ಕಾಯಿದೆಯ 13ನೇ ಸೆಕ್ಷನ್ ಪ್ರಕಾರ ಅಪರಾಧ. ಸಂಘಕ್ಕೆ ಕೊಡುವ ಹಣ ಮನಸ್ಸಿನಿಂದ ಕೊಡುವಂಥದ್ದು. ಕೊಡಲಾಗದ ಮನೆಯ ಮಗುವನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳುವ ಪದ್ಧತಿ ಎಲ್ಲಾದರೂ ಇದ್ದರೆ ಅದನ್ನು ಮೊದಲು ನಿಲ್ಲಿಸಿ. ಕೊಡದವರ ಪಟ್ಟಿಯನ್ನು ಗುಂಪಿಗೆ ಹಾಕುವುದೂ ಅಷ್ಟೇ ಕೆಟ್ಟದು.

ಊಟದ ಮನೆ

ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟವಿದೆ. ಕೇರಳದಲ್ಲಿ ಅದರ ಜೊತೆಗೆ ಹಾಲು, ಮೊಟ್ಟೆಯೂ ಇದೆ. ಇದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಹೆತ್ತವರಿಗೆ ಸ್ಥಾನವಿದೆ. ವಾರಕ್ಕೊಂದು ದಿನ ಇಬ್ಬರು ಹೆತ್ತವರು ಸರದಿಯಂತೆ ಬರುವ ಪಟ್ಟಿ ಮಾಡಿಕೊಳ್ಳಿ. ಬಂದವರು ಬಡಿಸಲು ಸಹಾಯ ಮಾಡಬೇಕು, ಮಕ್ಕಳಿಗೆ ಬಡಿಸುವ ಮೊದಲು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ನೀರಿನ ಟಾಂಕಿಯ ಮುಚ್ಚಳ, ಅಕ್ಕಿ ಇಟ್ಟ ಕೋಣೆಯ ಗೋಡೆಯ ತೇವ, ಕೈತೊಳೆಯುವ ನಳ್ಳಿ, ಈ ಮೂರನ್ನು ನೋಡಲು ಮರೆಯಬೇಡಿ. ಮಳೆಗಾಲದಲ್ಲಿ ತೊಂದರೆ ಆರಂಭವಾಗುವುದು ಅಲ್ಲಿಂದ.

ಅಡುಗೆಯವರು ಬೆಳಗ್ಗಿನಿಂದ ಒಬ್ಬರೇ ಹೊಗೆಯಲ್ಲಿ ನಿಂತಿರುತ್ತಾರೆ. ತಪ್ಪು ಹುಡುಕಲು ಬಂದವರಂತೆ ಒಳಗೆ ಹೋಗಬೇಡಿ. ತರಕಾರಿ ಹೆಚ್ಚಲು ಕೂತುಕೊಳ್ಳಿ. ಬಸಳೆ, ತಿಮರೆ (ಒಂದೆಲಗ), ಬಾಳೆಕಾಯಿ, ಹಲಸಿನಕಾಯಿ ನಮ್ಮ ಹಿತ್ತಿಲಲ್ಲಿ ಬೇಕಾದಷ್ಟಿವೆ. ಯಾವ ವಾರ ಯಾವ ಮನೆಯಿಂದ ಏನು ಎಂದು ಬರೆದಿಟ್ಟುಕೊಂಡರೆ ಊಟದ ಬಣ್ಣವೇ ಬದಲಾಗುತ್ತದೆ. ನಮ್ಮಲ್ಲಿ ಒಂದು ಶುಕ್ರವಾರ ಹಲಸಿನ ಗುಜ್ಜೆ ಪಲ್ಯ ಮಾಡಿದಾಗ ಮೂರನೇ ತರಗತಿಯ ಹುಡುಗನೊಬ್ಬ ನಾಲ್ಕು ಸಲ ತಟ್ಟೆ ಹಿಡಿದು ಬಂದ. ನಾಲ್ಕನೇ ಸಲ ಅಡುಗೆಯ ಅಕ್ಕ ತಮಗೆಂದು ತೆಗೆದಿಟ್ಟದ್ದನ್ನೇ ಅವನಿಗೆ ಹಾಕಿದರು.

ಗ್ರಾಮಸಭೆಯಲ್ಲಿ ಶಾಲೆಯ ಮಾತು

ಕೇರಳದಲ್ಲಿ ಸರಕಾರಿ ಎಲ್.ಪಿ. (ಕಿರಿಯ ಪ್ರಾಥಮಿಕ) ಮತ್ತು ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಗಳು ಗ್ರಾಮ ಪಂಚಾಯತಿಯ ಉಸ್ತುವಾರಿಯಲ್ಲಿವೆ, ಪ್ರೌಢಶಾಲೆಗಳು ಜಿಲ್ಲಾ ಪಂಚಾಯತಿಯ ಕೈಯಲ್ಲಿ. ಹಾಗಾಗಿ ಸೋರುವ ಹೆಂಚು, ಬಿದ್ದ ಆವರಣ ಗೋಡೆ, ಶೌಚಾಲಯ ಇವುಗಳ ಮಾತು ಗ್ರಾಮಸಭೆಯಲ್ಲಿ ಬರಬೇಕು. ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ನಮ್ಮ ಕಡೆ ಅದಕ್ಕೆ ಜನ ಸೇರುವುದು ಸವಲತ್ತುಗಳ ಅರ್ಜಿ ಕೊಡುವ ದಿನ ಮಾತ್ರ.

ಶಾಲೆಯ ಹತ್ತು ಹೆತ್ತವರು ಒಟ್ಟಾಗಿ ಹೋಗಿ. ವಾರ್ಡ್ ಸದಸ್ಯರಿಗೆ ವಾರ ಮೊದಲೇ ಹೇಳಿ, ಅವರನ್ನು ಶಾಲೆಗೆ ಕರೆದು ಸೋರುವ ಜಾಗವನ್ನು ಮಳೆ ಬರುವಾಗಲೇ ತೋರಿಸಿ. ಬೇಸಗೆಯಲ್ಲಿ ತೋರಿಸಿದರೆ ಯಾರಿಗೂ ಸೋರಿಕೆ ಕಾಣುವುದಿಲ್ಲ. ಸಭೆಯಲ್ಲಿ ಒಬ್ಬರೇ ಎದ್ದು ಎರಡು ನಿಮಿಷ ಮಾತನಾಡಲಿ, ಉಳಿದವರು ಬೆಂಬಲಿಸಲಿ. ನಡಾವಳಿ ಪುಸ್ತಕದಲ್ಲಿ ವಿಷಯ ಬರೆಯಲಾಗಿದೆಯೇ ಎಂದು ಸಹಿ ಹಾಕುವ ಮೊದಲು ಓದಿ ನೋಡಿ.

ಅನುದಾನಿತ ಶಾಲೆಯ ಕಟ್ಟಡ ಮ್ಯಾನೇಜರರದ್ದು. ಅಲ್ಲಿ ದುರಸ್ತಿಗೆ ಅವರನ್ನೇ ಕಾಣಬೇಕು.

ಕಲೋತ್ಸವ ಮತ್ತು ಯಕ್ಷಗಾನ

ಮಳೆಗಾಲ ಕಳೆಯುತ್ತಲೇ ಶಾಲಾ ಕಲೋತ್ಸವ, ಬಳಿಕ ಉಪಜಿಲ್ಲೆ, ಜಿಲ್ಲೆ. ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲಿ ನಮ್ಮ ಯಕ್ಷಗಾನವೂ ಇದೆ, ಕನ್ನಡ ಕವಿತೆ ಹೇಳುವ ಸ್ಪರ್ಧೆಯೂ ಇದೆ. ಯಕ್ಷಗಾನಕ್ಕೆ ಮಕ್ಕಳನ್ನು ತಯಾರು ಮಾಡುವುದೆಂದರೆ ಹಿಮ್ಮೇಳ, ವೇಷಭೂಷಣ, ಬಣ್ಣ ಹಚ್ಚುವವರು, ಬೆಳಗಿನ ಜಾವದ ಜೀಪು, ಎಲ್ಲವನ್ನೂ ಹೊಂದಿಸುವುದು. ಊರಿನಲ್ಲಿ ಮೇಳದಲ್ಲಿದ್ದು ನಿವೃತ್ತರಾದ ಕಲಾವಿದರಿರುತ್ತಾರೆ. ಅವರನ್ನು ಸಂಘದ ಪರವಾಗಿ ಗೌರವದಿಂದ ಕರೆಯಿರಿ. ವೇಷ ಕಟ್ಟಿದ ಮಕ್ಕಳು ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಅವರ ಜೊತೆ ನೀರು, ಬಾಳೆಹಣ್ಣು ಹಿಡಿದು ಕೂತಿರಲು ಇಬ್ಬರು ತಾಯಂದಿರು ಬೇಕೇಬೇಕು.

ಮಕ್ಕಳ ಸುರಕ್ಷೆ

ಸ್ವಯಂಸೇವಕರಾಗಿ ಬರುವ ಹೆತ್ತವರೂ ಶಾಲೆಯ ಒಳಗೆ ಹೊರಗಿನವರೇ. ಮಗುವೊಂದರ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಬೇರೆಯವರ ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಮಗು ಏನಾದರೂ ನೋವಿನ ವಿಷಯ ಹೇಳಿಕೊಂಡರೆ ಪೂರ್ತಿ ಕೇಳಿ, ಅದನ್ನು ಗುಂಪಿನಲ್ಲಿ ಚರ್ಚೆಗೆ ಹಾಕದೆ ಕೂಡಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ವಿಷಯ ಗೊತ್ತಾದ ಪ್ರತಿಯೊಬ್ಬರ ಕರ್ತವ್ಯ. ಶಾಲೆಯ ಹೆಸರು ಹಾಳಾಗುತ್ತದೆಂದು ಯಾರು ತಡೆದರೂ ನಿಲ್ಲಬೇಡಿ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಇದೆ.

ಮೇ ತಿಂಗಳಲ್ಲೇ ಆರಂಭಿಸಬೇಕಾದದ್ದು

ಮತ್ತೆ ಆರನೇ ದಿನದ ವಿಷಯಕ್ಕೆ ಬರುತ್ತೇನೆ. ಆ ತಯಾರಿ ಜೂನ್ ತಿಂಗಳಲ್ಲಿ ಆರಂಭಿಸಿದರೆ ತಡವಾಯಿತು. ಏಪ್ರಿಲ್ ಕೊನೆಗೆ ಅಂಗನವಾಡಿ ಟೀಚರರನ್ನು ಕಂಡು, ಈ ವರ್ಷ ಒಂದನೇ ತರಗತಿಗೆ ಬರುವ ಮಕ್ಕಳು ಯಾರೆಂದು ಕೇಳಿ. ಮೇ ತಿಂಗಳಲ್ಲಿ ಒಬ್ಬ ಅಧ್ಯಾಪಕರು, ಇಬ್ಬರು ಹೆತ್ತವರು ಕೂಡಿ ಆ ಮನೆಗಳಿಗೆ ಹೋಗಿ. ಮನೆಯವರು ಇಂಗ್ಲಿಷ್ ಮಾಧ್ಯಮದ ಬಸ್ಸಿನ ಮಾತು ತೆಗೆಯುತ್ತಾರೆ, ತೆಗೆಯಲಿ. ವಾದಿಸಬೇಡಿ. ನಿಮ್ಮದೇ ಮಗುವಿನ ನೋಟುಪುಸ್ತಕವನ್ನು ಕೈಗೆ ಕೊಡಿ, ಓದಿ ನೋಡಲಿ. ಶಾಲೆಯನ್ನು ನೋಡಲು ಕರೆಯಿರಿ.

ಸೇರಲು ಒಪ್ಪಿದ ಮನೆಗಳಲ್ಲಿ ಅಂದೇ ಕಾಗದಪತ್ರ ನೋಡಿ. ಜನನ ಪ್ರಮಾಣಪತ್ರ ಇದೆಯೇ, ಆಧಾರ್ ಆಗಿದೆಯೇ, ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ. ನಮ್ಮಲ್ಲಿ ಅನೇಕ ತಾಯಂದಿರ ಹೆರಿಗೆ ಮಂಗಳೂರು, ಪುತ್ತೂರು ಆಸ್ಪತ್ರೆಗಳಲ್ಲಿ ಆಗಿರುತ್ತದೆ. ಅಲ್ಲಿನ ಪತ್ರದಲ್ಲಿ ಒಂದು ಹೆಸರು, ಇಲ್ಲಿನ ಕಾರ್ಡಿನಲ್ಲಿ ಇನ್ನೊಂದು ಬಗೆ. ತಿದ್ದಲು ದಿನಗಳು ಹಿಡಿಯುತ್ತವೆ, ಆದ್ದರಿಂದ ಮೇ ತಿಂಗಳಲ್ಲೇ ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಕರ್ನಾಟಕದ ಶಾಲೆಯಿಂದ ಬರುವ ಮಗುವಿಗೆ ಟಿ.ಸಿ. ತಡವಾದರೆ ಹೆದರಬೇಡಿ. ಟಿ.ಸಿ. ಅಥವಾ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯಿದೆಯಲ್ಲಿದೆ.

ಶಾಲೆ ತೆರೆಯುವ ಪ್ರವೇಶೋತ್ಸವದ ದಿನ ಬಲೂನು, ಸಿಹಿ ಎಲ್ಲ ಇರಲಿ. ಅದರ ಮರುದಿನದಿಂದ ಐದು ದಿನ ಬೆಳಗ್ಗೆ ಹತ್ತು ಗಂಟೆಗೆ ಗೈರುಹಾಜರಾದ ಮಕ್ಕಳ ಮನೆಗೆ ಫೋನ್ ಮಾಡುವ ಕೆಲಸವನ್ನು ಇಬ್ಬರು ಹೊತ್ತುಕೊಳ್ಳಲಿ. ಭಾರೀ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಕೆಲಸದ ದಿನಗಳ ಲೆಕ್ಕ ಮುಂದಕ್ಕೆ ಹೋಗುತ್ತದೆ, ಆರನೇ ದಿನ ಯಾವುದೆಂದು ಶಾಲೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಇಷ್ಟನ್ನೂ ಒಂದು ಫೈಲಿನಲ್ಲಿಡಿ: ಮನೆ ಭೇಟಿಯ ಪಟ್ಟಿ, ಮುದ್ರೆ ಹಾಕಿದ ಮನವಿಗಳ ಪ್ರತಿ, ಬರವು-ಖರ್ಚಿನ ಹಾಳೆ, ಯಾವ ಹೆತ್ತವರಿಗೆ ಯಾವ ಕೆಲಸ ಗೊತ್ತು ಎಂಬ ಪುಟ, ವಾರ್ಡ್ ಸದಸ್ಯರಿಂದ ಹಿಡಿದು ಬಣ್ಣ ಹಚ್ಚುವವರವರೆಗಿನ ಫೋನ್ ನಂಬರುಗಳು. ಮಗು ಶಾಲೆ ಬಿಟ್ಟ ದಿನ ನೀವೂ ಸಂಘದಿಂದ ಹೊರಗೆ. ಅಂದು ಹೊಸಬರು ಮತ್ತೆ ಮೊದಲಿನಿಂದ ಆರಂಭಿಸುವಂತಾಗಬಾರದು. ಫೈಲನ್ನು ಮನೆಯಲ್ಲಿಟ್ಟುಕೊಳ್ಳದೆ ಶಾಲೆಯ ಕಪಾಟಿನಲ್ಲಿಡಿ, ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಮೇಲೆ ಕನ್ನಡದಲ್ಲೂ ಮಲಯಾಳಂನಲ್ಲೂ ಹೆಸರು ಬರೆಯಿರಿ.